ಕೈ ಕೊಡ್ತೀನಿ ಅಂದ ಖಾದರ್ ಸಾಹೇಬರು

ನಾಟಕಕ್ಕೆ ಸೇರಬೇಕೆಂದು ಬರುವ ಹುಡುಗರು ನನ್ನನ್ನು ಕೇಳುವುದು ಎರಡೇ ಪ್ರಶ್ನೆ. ಮಾತು ಮರೆತರೆ ಏನು ಮಾಡುವುದು, ಜನ ಶಿಳ್ಳೆ ಹೊಡೆದರೆ ಏನು ಮಾಡುವುದು. ಎರಡೂ ದೊಡ್ಡ ವಿಷಯವಲ್ಲ. ಮರೆತರೆ ಪಕ್ಕದಿಂದ ಯಾರಾದರೂ ಎತ್ತಿಕೊಡುತ್ತಾರೆ. ಶಿಳ್ಳೆ ಹೊಡೆಯುವವರು ತಾವೇ ಸುಸ್ತಾಗಿ ನಿಲ್ಲಿಸುತ್ತಾರೆ. ಜೊತೆಗೆ ನಿಂತವನನ್ನು ನಂಬುವುದು ಹೇಗೆ ಎಂದು ಮಾತ್ರ ಒಬ್ಬರೂ ಕೇಳುವುದಿಲ್ಲ. ಕೇಳಿದ್ದರೆ, ಸುಮ್ಮಸುಮ್ಮನೆ ನಂಬಬೇಡಿ ಎಂದು ಮೊದಲು ಹೇಳಿ, ಆಮೇಲೆ ಖಾದರ್ ಸಾಹೇಬರ ವಿಷಯ ಹೇಳುತ್ತಿದ್ದೆ.

ನಾನು ಮೊದಲಿನಿಂದಲೂ ಅನುಮಾನದ ಪ್ರಾಣಿ. ಅಂಗಡಿಯಲ್ಲಿ ಬೆಲ್ಲ ಕೊಂಡರೆ ಬಾಯಿಗೆ ಹಾಕಿ ನೋಡಿಯೇ ಕಟ್ಟಿಸುವವನು. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ, "ನಿಮಗೆ ಅನ್ನ ಬಡಿಸೋಕೂ ಸಾಕ್ಷಿ ಬೇಕೇನೋ" ಅನ್ನುತ್ತಿದ್ದಳು. ಅಂಥವನು ಹೋಗಿ ಹೋಗಿ ನಾಟಕದ ಕಂಪನಿಗೆ ಸೇರಿದೆ. ಮುಂದೆ ರಾಜಾಪಾರ್ಟಿಗೆ ಬಂದದ್ದು, ಹಾರ ಶಾಲು ಹಾಕಿಸಿಕೊಂಡದ್ದು, ಅದೆಲ್ಲ ಎಲ್ಲರಿಗೂ ಆಗುವುದೇ. ಅದನ್ನು ಬಿಡಿ. ಮೊದಲ ತಾಲೀಮಿನ ದಿನಗಳೇ ನನಗೆ ವಿದ್ಯೆ ಕಲಿಸಿದ್ದು.

ನಲವತ್ತರ ದಶಕ, ಯುದ್ಧದ ಕಾಲ. ಸೀಮೆಎಣ್ಣೆಗೆ ಪರದಾಟ, ಬಟ್ಟೆಗೆ ಪರದಾಟ. ನಮ್ಮೂರು ನಂದಗುಡಿ ಕಡೆ. ರಾಗಿ ಹೊಲ ಬಿಟ್ಟು ಬಣ್ಣ ಹಚ್ಚಲು ಹೊರಟ ಮಗನಿಗೆ ನಮ್ಮಪ್ಪ ಹೇಳಿದ್ದು ಒಂದೇ ಮಾತು: "ಹೋಗು. ಆದ್ರೆ ಆಗ್ಲಿಲ್ಲ ಅಂತ ವಾಪಸ್ ಬಂದ್ರೆ ಹೊಸಲು ತುಳೀಬೇಡ." ಹೊಸಕೋಟೆಯಿಂದ ದೊಡ್ಡಬಳ್ಳಾಪುರಕ್ಕೆ ಕಂಪನಿಯ ಸಾಮಾನು ಸಾಗಿಸಲು ಗಾಡಿ ಕಟ್ಟಿದವರು ನನ್ನ ಸೋದರಮಾವ. ಅವರ ಮಾತಿನ ಮೇಲೆ ಕಂಪನಿಯ ಯಜಮಾನರು ನನ್ನನ್ನು ಸೇರಿಸಿಕೊಂಡರು. ಮೊದಲ ದಿನ ನನ್ನ ಹೆಗಲ ಮೇಲೆ ಕೈ ಹಾಕಿಕೊಂಡು ತಾಲೀಮಿನ ಜಾಗಕ್ಕೆ ಕರೆತಂದು, "ಇವನು ನಮ್ಮ ಹುಡುಗ" ಅಂದರು. ಆ 'ನಮ್ಮ' ಎನ್ನುವ ಮಾತೇ ನನಗೆ ಮುಳುವಾಯಿತು.

ತಾಲೀಮು ನಡೆಯುತ್ತಿದ್ದದ್ದು ಹಳೆಯ ಛತ್ರವೊಂದರ ಹಿಂದಿನ ಹಜಾರದಲ್ಲಿ. ಅಕ್ಕಪಕ್ಕವೆಲ್ಲ ನೇಕಾರರ ಮನೆ, ಬೆಳಗಿನಿಂದ ಮಗ್ಗದ ಸದ್ದು. ನಾನು ಒಳಗೆ ಕಾಲಿಟ್ಟರೆ ಮಗ್ಗದ ಸದ್ದು ಮಾತ್ರ ಉಳಿಯುತ್ತಿತ್ತು. ಅದುವರೆಗೆ ನಗುತ್ತಿದ್ದವರು ಮೀಸೆ ಸವರಿಕೊಳ್ಳುತ್ತಿದ್ದರು, ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಕಾರಣ ಹೇಳಿದವನು ಪುಟ್ಟಸ್ವಾಮಿ. ಕಂಪನಿಯಲ್ಲಿ ರಾಣಿಯ ಪಾತ್ರ ಅವನದು. ನನ್ನೊಂದಿಗೆ ಮಾತಾಡುತ್ತಿದ್ದವನು ಅವನೊಬ್ಬನೇ.

"ನಿನಗಿಂತ ಮುಂಚೆ ರಾಜಕುಮಾರನ ಪಾರ್ಟು ಸೀತಾರಾಮೂದು ಕಣೋ. ಬೇರೆ ಕಂಪನಿಯೋರ ಜೊತೆ ಮಾತಾಡ್ತಾವ್ನೆ ಅಂತ ಯಾರೋ ಯಜಮಾನ್ರ ಕಿವಿಗೆ ಹಾಕಿದ್ರು. ಅವತ್ತೇ ಗಂಟು ಕಟ್ಟಿಸ್ಬಿಟ್ರು. ಈಗ ನೀನು ಬಂದಿದೀಯ. ಯಜಮಾನ್ರ ಕಡೆಯೋನು. ಇನ್ಯಾರು ಬಾಯ್ಬಿಡ್ತಾರೆ ಹೇಳು?"

"ನಾನೇನು ಚಾಡಿ ಹೇಳೋಕೆ ಬಂದಿದೀನಾ?"

"ನಂಗೇನ್ ಗೊತ್ತು?" ಅಂದು ಪುಟ್ಟಸ್ವಾಮಿ ಬೈತಲೆ ತಿದ್ದಿಕೊಂಡ. ಅಷ್ಟು ಸ್ನೇಹದಿಂದ ಹೇಳಿದವನಿಗೂ ನನ್ನ ಮೇಲೆ ಅನುಮಾನ ಇದ್ದೇ ಇತ್ತು.

ಅವರು ನನ್ನನ್ನು ಅನುಮಾನಿಸಿದರೆ ನಾನು ಬಿಡುತ್ತೇನೆಯೇ? ನಾನೂ ಶುರುಮಾಡಿದೆ. ಮುಖಕ್ಕೆ ಹಚ್ಚುವ ಬಿಳಿ ಬಣ್ಣಕ್ಕೆ ಯಾರೋ ಸುಣ್ಣ ಬೆರೆಸಿದ್ದಾರೆಂದು ಮೊದಲು ಮೊಣಕೈಗೆ ಹಚ್ಚಿ ಕಾಯುತ್ತಿದ್ದೆ. ಅಂಗಿಯನ್ನು ತಿರುವಿ ಹಾಕಿ ಝಾಡಿಸದೆ ತೊಡುತ್ತಿರಲಿಲ್ಲ. ಒಂದು ದಿನ ಕುತ್ತಿಗೆಯೆಲ್ಲ ನವೆಯೆದ್ದು, ನಸುಗುನ್ನಿ ಪುಡಿ ಹಾಕಿದ್ದಾರೆ ಎಂದು ಕೂಗಾಡಿಬಿಟ್ಟೆ. ಹಾರ್ಮೋನಿಯಂ ಮೇಷ್ಟ್ರು ಬಂದು ಕಾಲರ್ ಬಿಚ್ಚಿ ನೋಡಿದರೆ, ಒಳಗೆ ಜರಿಯ ತಂತಿ ಚುಚ್ಚುತ್ತಿತ್ತು. "ಇದನ್ನೂ ನಾವೇ ನೇಯ್ದು ಹಾಕಿದ್ವಿ ಅಂತ ಯಜಮಾನ್ರಿಗೆ ಹೇಳಪ್ಪಾ" ಅಂದರು. ಎಲ್ಲರೂ ನಕ್ಕರು. ನನಗೆ ಅಳು ಬರುವ ಹಾಗಾಗಿತ್ತು.

ಆಗಿನ ತಾಲೀಮಿನ ಕ್ರಮ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಈಗ ಎಲ್ಲರ ಕೈಗೂ ಇಡೀ ನಾಟಕ ಕೊಡುತ್ತಾರೆ, ಸುತ್ತ ಕೂತು ಓದಿಸುತ್ತಾರೆ. ನಮ್ಮ ಕಾಲದಲ್ಲಿ ಪೂರ್ತಿ ನಾಟಕ ಯಜಮಾನರ ಪೆಟ್ಟಿಗೆಯಲ್ಲಿ ಬೀಗದೊಳಗೆ. ಯಾರಾದರೂ ಕದ್ದು ಬೇರೆ ಕಂಪನಿಗೆ ಕೊಟ್ಟರೆ ಎಂಬ ಭಯ. ನಮಗೆ ಸಿಗುತ್ತಿದ್ದದ್ದು ನಮ್ಮ ಪಾರ್ಟಿನ ಹಾಳೆ ಮಾತ್ರ. ಅದರಲ್ಲಿ ನಮ್ಮ ಮಾತು, ಅದಕ್ಕೆ ಮುಂಚೆ ಎದುರಿನವನ ಮಾತಿನ ಕೊನೆಯ ಪದ. ಆ ಪದ ಕಿವಿಗೆ ಬಿದ್ದ ತಕ್ಷಣ ನಾವು ಶುರುಮಾಡಬೇಕು. ಆ ಪದ ಬರದಿದ್ದರೆ ಕಲ್ಲಿನ ಹಾಗೆ ನಿಲ್ಲಬೇಕು.

ನಾಟಕ ಒಬ್ಬ ಪಾಳೇಗಾರನ ಮನೆತನದ ಕಥೆ. ನಾನು ರಾಜಕುಮಾರ, ನನ್ನನ್ನು ಹಿಡಿಯಲು ಬರುವ ದಳವಾಯಿ ಖಾದರ್ ಸಾಹೇಬರು. ದೇವನಹಳ್ಳಿಯವರು, ಗರಡಿಯಲ್ಲಿ ಪಳಗಿದ ಮೈ, ಅದಕ್ಕೆ ತಕ್ಕ ಕಂಠ. ಅವರು ಬಾಯಿ ತೆರೆದರೆ ಪಕ್ಕದ ಮನೆಯ ಮಗ್ಗ ಒಂದು ಗಳಿಗೆ ನಿಲ್ಲುತ್ತಿತ್ತು. ನನ್ನ ಹಾಳೆಯಲ್ಲಿ ಅವರ ಮಾತಿನ ಕೊನೆಯ ಪದ 'ಗತಿ'. 'ಕುಮಾರ, ಇನ್ನು ನಿನಗೆ ನಾನೇ ಗತಿ' ಎಂದು ಅವರು ಅನ್ನಬೇಕು, ನಾನು ಕತ್ತಿ ಹಿರಿಯಬೇಕು.

ಮೊದಲ ದಿನ ಅವರು "ನಿನಗೆ ನಾನೇ ದಿಕ್ಕು" ಅಂದರು. ನಾನು 'ಗತಿ'ಗಾಗಿ ಕಾಯುತ್ತ ನಿಂತೆ. ಮಾರನೆಯ ದಿನ "ನಾನೇ ಆಸರೆ" ಅಂದರು. ಮತ್ತೊಂದು ದಿನ ಮಾತನ್ನು ತಿರುಗುಮುರುಗು ಮಾಡಿ, "ನಾನಲ್ಲದೆ ನಿನಗೆ ಇನ್ಯಾರೋ!" ಎಂದು ಗುಡುಗಿದರು. ನಾನು ಬಾಯಿ ತೆರೆದುಕೊಂಡು ನಿಂತರೆ ಯಜಮಾನರು ಬೈಯುತ್ತಿದ್ದದ್ದು ನನ್ನನ್ನೇ: "ಏನಯ್ಯಾ, ನಿದ್ದೆ ಹೊಡೀತಿದೀಯಾ?"

ಇದು ಬೇಕೆಂದೇ ಮಾಡುವ ಕೆಲಸ ಎನ್ನುವುದರಲ್ಲಿ ನನಗೆ ಅನುಮಾನವೇ ಉಳಿಯಲಿಲ್ಲ. ಖಾದರ್ ಸಾಹೇಬರಿಗೆ ಸೀತಾರಾಮು ಬಹಳ ಬೇಕಾದವನಂತೆ, ಬೆಳಗಾದರೆ ಇಬ್ಬರೂ ಜೊತೆಗೇ ಇರುತ್ತಿದ್ದರಂತೆ. ಅವನ ಜಾಗಕ್ಕೆ ಬಂದವನನ್ನು ಓಡಿಸದೆ ಬಿಡುತ್ತಾರೆಯೇ? ಸಾಲದ್ದಕ್ಕೆ ನಾನು ಮೂಲೆಯಲ್ಲಿ ಕೂತು ಪಾರ್ಟು ಓದಿಕೊಳ್ಳುವಾಗ ಸಾಹೇಬರು ಮೆಲ್ಲಗೆ ಬಂದು ಹಿಂದೆ ನಿಲ್ಲುತ್ತಿದ್ದರು. ತಿರುಗಿದರೆ ಮುಂಡಾಸು ಸರಿಮಾಡಿಕೊಳ್ಳುವವರ ಹಾಗೆ ನಟಿಸುತ್ತಿದ್ದರು. ಅಷ್ಟು ದೊಡ್ಡ ನಟ, ಈ ಒಂದು ನಟನೆ ಮಾತ್ರ ಬರುತ್ತಿರಲಿಲ್ಲ. ನಾನು ದನಿ ತಗ್ಗಿಸಿಬಿಡುತ್ತಿದ್ದೆ. ಅವರು ಇನ್ನೂ ಹತ್ತಿರ ಬರುತ್ತಿದ್ದರು.

ಕೊನೆಯ ಅಂಕದಲ್ಲಿ ರಾಜಕುಮಾರ ಕೋಟೆಯ ಬುರುಜಿನಿಂದ ಹಿಂದಕ್ಕೆ ಬೀಳುವ ದೃಶ್ಯ. ಬಿದಿರು, ಹಲಗೆ ಸೇರಿಸಿ ಕಟ್ಟಿದ ಬುರುಜು, ಮುಂದೆ ಕಲ್ಲಿನ ಬಣ್ಣ ಬಳಿದ ಬಟ್ಟೆ. ಎದೆಗೆ ಬಾಣ ನಾಟಿತೆಂದು ಕೂಗಿ ಬೆನ್ನು ಹಿಂದೆ ಮಾಡಿ ಬೀಳಬೇಕು. ಜನಕ್ಕೆ ಕಾಣದ ಹಾಗೆ ಹಿಂದೆ ನಾಲ್ಕು ಜನ ಜಮಖಾನ ಹಿಡಿದು ನಿಂತಿರುತ್ತಾರೆ. ಬೀಳುವವನು ತಿರುಗಿ ನೋಡುವಂತಿಲ್ಲ. ಹಿಂದೆ ಜಮಖಾನ ಇದೆಯೋ, ಬರೀ ನೆಲ ಇದೆಯೋ ಅವನಿಗೆ ಗೊತ್ತಾಗುವುದು ಬಿದ್ದ ಮೇಲೆಯೇ.

ಈ ದೃಶ್ಯದ ತಾಲೀಮನ್ನು ಕೊನೆಗೆ ಇಟ್ಟುಕೊಂಡಿದ್ದರು. ಅದರ ಹಿಂದಿನ ದಿನ ಮಧ್ಯಾಹ್ನ ನಾನು ಬಾವಿಯ ಹತ್ತಿರದಿಂದ ಬರುತ್ತಿದ್ದೆ. ಹಜಾರದ ಕಿಟಕಿಯಿಂದ ಸಾಹೇಬರ ದನಿ ಕೇಳಿಸಿತು: "ನೀವ್ಯಾರೂ ಬರ್ಬೇಡಿ. ನಾಳೆ ಆ ಹುಡುಗನಿಗೆ ನಾನೊಬ್ನೇ ಕೈ ಕೊಡ್ತೀನಿ."

ಕೈ ಕೊಡುವುದೆಂದರೆ ನಮ್ಮೂರಿನ ಕಡೆ ಒಂದೇ ಅರ್ಥ. ನಂಬಿಸಿ ನಡುನೀರಿನಲ್ಲಿ ಬಿಡುವುದು. ಒಳಗಿದ್ದವರಲ್ಲಿ ಒಬ್ಬರಾದರೂ ಬೇಡ ಅನ್ನಬಾರದೇ? "ಸರಿ ಸಾಹೇಬ್ರೇ, ನೀವಿದ್ದೀರಲ್ಲ, ಸಾಕು" ಎಂದು ಯಾರೋ ಅಂದರು. ಅದು ಪುಟ್ಟಸ್ವಾಮಿಯ ದನಿ.

ಓಡಿಹೋಗೋಣ ಅನ್ನಿಸಿತು. ಆದರೆ ಎಲ್ಲಿಗೆ? ಊರಲ್ಲಿ ಅಪ್ಪನ ಹೊಸಲು ಹಾಗೇ ಕಾದಿತ್ತು. ಯಜಮಾನರಿಗೆ ಹೇಳಬಹುದಿತ್ತು. ಹೇಳಿದರೆ ಚಾಡಿಕೋರನೆಂದು ಇವರು ಅಂದುಕೊಂಡದ್ದೇ ನಿಜವಾಗುತ್ತದೆ. ಅಷ್ಟು ಒಂಟಿತನ ನನಗೆ ಮತ್ತೆಂದೂ ಆಗಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಯಜಮಾನರು ಮುಂದೆ ಕುರ್ಚಿ ಹಾಕಿಸಿ ಕೂತರು. ಅವತ್ತು ಅವರ ಸಿಟ್ಟು ಮೊದಲು ತಿರುಗಿದ್ದು ಸಾಹೇಬರ ಕಡೆ. 'ಗತಿ' ಬರುವ ಜಾಗದಲ್ಲಿ ಮತ್ತೆ ಇನ್ನೇನೋ ಬಂದಿತ್ತು. "ದಳವಾಯಿ ಮಾತು ದಿನಕ್ಕೊಂದು ಥರ! ಸೋಮವಾರ ಎಲ್ಲರೂ ನನ್ನೆದುರು ಕೂತು ಹಾಳೆ ಹಿಡ್ದು ಪಾರ್ಟು ಓದ್ಬೇಕು. ಅಕ್ಷರ ಬಿಟ್ಟು ಅತ್ತಿತ್ತ ಹೋಗೋರಿಗೆ ನನ್ನ ಕಂಪನೀಲಿ ಪರದೆ ಎಳೆಯೋ ಕೆಲಸ, ತಿಳೀತಾ?" ಸಾಹೇಬರು ತಲೆ ತಗ್ಗಿಸಿದರು. ತಕ್ಕ ಶಾಸ್ತಿಯಾಯಿತು ಎಂದು ನನಗೆ ಒಳಗೊಳಗೇ ಖುಷಿಯಾಯಿತು.

ಆಮೇಲೆ ಬುರುಜಿನ ದೃಶ್ಯ. ಹತ್ತಿ ನಿಂತೆ. ಬೀಳುವವನು ತಿರುಗಬಾರದು, ಆದರೂ ತಿರುಗಿ ನೋಡಿದೆ. ಜಮಖಾನ ಇಲ್ಲ. ನಾಲ್ಕು ಜನವೂ ಇಲ್ಲ. ಖಾದರ್ ಸಾಹೇಬರು ಒಬ್ಬರೇ ಕಾಲಗಲಿಸಿ ನಿಂತು ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದಾರೆ. ಬಾಣ ನಾಟಿತೆಂದು ಕೂಗಿದೆ. ಬೀಳಲಿಲ್ಲ.

"ಏನಪ್ಪಾ, ನಿಂತ್ಬಿಟ್ಟೆ?" ಸಾಹೇಬರು ಕೆಳಗಿನಿಂದ ಕೇಳಿದರು.

"ನೀವು ನೆನ್ನೆ ಕೈ ಕೊಡ್ತೀನಿ ಅಂದಿದ್ದು ಕೇಳಿಸ್ಕೊಂಡೆ."

"ಹೌದು. ಅದಕ್ಕೇ ತಾನೇ ಇಲ್ಲಿ ನಿಂತಿರೋದು? ಬಾ."

"ಒಪ್ಕೊಂಡ್ರಲ್ಲಾ!" ನನ್ನ ದನಿ ನನಗೆ ತಿಳಿಯದೇ ಏರಿತು. "ಎಲ್ಲರ ಎದುರಿಗೇ ಒಪ್ಕೊಂಡ್ರಲ್ಲಾ!"

"ಒಪ್ಕೊಳ್ಳೋದೇನಪ್ಪಾ ಬಂತು? ಖಾದರ್ ಕೈ ಕೊಡ್ತೀನಿ ಅಂದ್ಮೇಲೆ ಕೊಟ್ಟೇ ಕೊಡ್ತಾನೆ. ಇವತ್ತಿಗೂ ಮಾತು ತಪ್ಪಿಲ್ಲ. ನೀನು ಬೀಳು!"

"ನಾನು ಬೀಳಲ್ಲ! ನಿಮ್ಮ ಸೀತಾರಾಮೂನ ನಾನು ಓಡಿಸ್ಲಿಲ್ಲ. ನನ್ನ ಸೊಂಟ ಯಾಕೆ ಮುರೀತೀರಿ?"

ಹಾರ್ಮೋನಿಯಂ ಮೇಷ್ಟ್ರಿಗೆ ಮೊದಲು ಹೊಳೆಯಿತು. ತಿದಿ ಒತ್ತುತ್ತಿದ್ದ ಕೈ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಲೇ ರಂಗಾ, ಅವ್ರ ಮನೆ ಮಾತಲ್ಲಿ 'ಹಾಥ್ ದೇನಾ' ಅಂದ್ರೆ ಆಸರೆ ಕೊಡೋದು ಕಣೋ! ಅದನ್ನೇ ಕನ್ನಡ ಮಾಡಿ ಅಂದವ್ರೆ. ಆ ಜಮಖಾನ ನಾನೂ ನೋಡಿದೀನಿ, ಎಲ್ಲಾ ಪಿಸಿದು ಹೋಗಿತ್ತು. ಅದನ್ನ ನಂಬಿ ಹುಡುಗನ್ನ ಬೀಳಿಸ್ಬೇಡಿ, ನಾನೇ ಹಿಡ್ಕೋತೀನಿ ಅಂತ ಅಂದಿದ್ದು ಅವ್ರು!"

ಎಲ್ಲರೂ ನಕ್ಕರು. ಸಾಹೇಬರು ಮಾತ್ರ ನಗಲಿಲ್ಲ. ಅವರಿಗೆ ತಾವು ಆಡಿದ ಮಾತಿಗೆ ಇನ್ನೊಂದು ಅರ್ಥ ಇದೆಯೆಂದು ಆಗಷ್ಟೇ ತಿಳಿದ ಹಾಗಿತ್ತು. ನನ್ನತ್ತ ನೋಡುತ್ತಲೇ ಇದ್ದರು. ಮುಖದಲ್ಲಿ ನೋವಿತ್ತು.

ಇಷ್ಟಾದರೂ ನಾನು ಪೂರ್ತಿ ನಂಬಲಿಲ್ಲ, ಸುಳ್ಳೇಕೆ ಹೇಳಲಿ. ಮೇಷ್ಟ್ರೂ ಇವರ ಕಡೆಯವರೇ ಇರಬಹುದಲ್ಲ? ನಾಟಕದವರಿಗೆ ನಗುವುದೇನು ಕಷ್ಟವೇ? ಆದರೆ ಯಜಮಾನರು ಕುರ್ಚಿಯಿಂದ ಎದ್ದಿದ್ದರು. "ಬೀಳ್ತೀಯೋ, ಇಲ್ಲಾ ಇಳಿದು ಊರಿಗೆ ಹೋಗ್ತೀಯೋ?"

ಕಣ್ಣು ಮುಚ್ಚಿ ಬಿದ್ದೆ. ನಂಬಿ ಬೀಳಲಿಲ್ಲ, ಬೇರೆ ದಾರಿಯಿಲ್ಲದೆ ಬಿದ್ದೆ. ಬೀಳುವಾಗ ಅಮ್ಮನ ನೆನಪಾಯಿತು. ಮರುಗಳಿಗೆ ಎರಡು ತೋಳು ನನ್ನ ಕಂಕುಳಿಗೂ ಮಂಡಿಗೂ ಬಂದು ಕೂತವು. ಸಾಹೇಬರು ಹಿಂದಕ್ಕೆ ಒಂದು ಹೆಜ್ಜೆ ಇಟ್ಟರು, ಅಷ್ಟೆ. ಒಂದು ಗೀರು ಕೂಡ ಆಗಲಿಲ್ಲ. ಮುಂದೆ ಸೈನಿಕರು ಜಯಘೋಷ ಮಾಡುತ್ತಿದ್ದರು. ಸತ್ತ ರಾಜಕುಮಾರ ನಾನು, ಅವರ ತೋಳಲ್ಲಿ ಮಗುವಿನ ಹಾಗೆ ಇದ್ದೆ. ಅವರು ನನ್ನನ್ನು ಕೆಳಗಿಳಿಸಲಿಲ್ಲ.

"ಒಂದು ಮಾತು ಕೇಳ್ತೀನಿ," ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು. "ನೀನು ಯಜಮಾನ್ರ ಕಡೆಯೋನೋ ಅಲ್ವೋ ನಂಗೊತ್ತಿಲ್ಲ. ನಂಗೆ ಓದೋಕೆ ಬರಲ್ಲಪ್ಪಾ."

ನಾನು ಕಣ್ಣು ಬಿಟ್ಟೆ.

"ಸೀತಾರಾಮು ಓದಿ ಹೇಳೋನು. ಕೇಳಿ ಕೇಳಿ ಕಲೀತಿದ್ದೆ. ಅವ್ನು ಹೋದ್ಮೇಲೆ ಅರ್ಥ ನೆನಪಿರ್ತದೆ, ಮಾತು ಜಾರ್ಕೊಂಡೋಗ್ತದೆ. ನೀನು ಓದೋವಾಗ ಆ ಕೊನೇ ಪದ ಆದ್ರೂ ಕಿವಿಗೆ ಬೀಳ್ಲಿ ಅಂತ ಹಿಂದೆ ಬಂದು ನಿಲ್ತಿದ್ದೆ. ಸೋಮವಾರ ಯಜಮಾನ್ರ ಎದುರು ಸಿಕ್ಕಿಬಿದ್ರೆ ಈ ವಯಸ್ಸಲ್ಲಿ ಪರದೆ ಎಳೀಬೇಕು. ಓದಿ ಹೇಳ್ತೀಯಾ?"

"ನನ್ನೇ ಯಾಕೆ ಕೇಳ್ತೀರಿ?"

"ಬೇರೆಯೋರಿಗೆ ಹೇಳಿದ್ರೆ ಸಾಯಂಕಾಲಕ್ಕೆ ಊರಿಗೆಲ್ಲಾ ಗೊತ್ತಾಗ್ತದೆ. ಇಲ್ಲಿ ನಿನ್ನೊಬ್ಬನ ಹತ್ರಾನೇ ಯಾರೂ ಮಾತಾಡಲ್ಲ."

ನನಗೆ ನಗಬೇಕೋ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯಲಿಲ್ಲ. ಹ್ಞೂಂ ಅಂದೆ. ಆಗ ಕೆಳಗಿಳಿಸಿದರು.

ಮಾರನೆಯ ಬೆಳಿಗ್ಗೆಯಿಂದ ಕೆರೆ ಏರಿಯ ಮೇಲೆ ನಮ್ಮ ತಾಲೀಮು ಶುರುವಾಯಿತು. ನಾನು ಒಂದು ಸಲ ಓದಿದರೆ ಸಾಹೇಬರು ಕಣ್ಣು ಮುಚ್ಚಿ ಕೇಳುತ್ತಿದ್ದರು, ಎರಡನೇ ಸಲ ಜೊತೆಗೆ ಹೇಳುತ್ತಿದ್ದರು, ಮೂರನೇ ಸಲಕ್ಕೆ ಅದು ಅವರದೇ ಮಾತು. ಅಂಥ ನೆನಪಿನ ಶಕ್ತಿ ನಾನು ಮತ್ತೆ ಕಾಣಲಿಲ್ಲ. ಸೀತಾರಾಮು ಅರ್ಧಂಬರ್ಧ ಕಲಿಸಿ ಹೋಗಿದ್ದರಿಂದ ಆಗುತ್ತಿದ್ದ ತಪ್ಪುಗಳೆಲ್ಲ ಬಿಟ್ಟುಹೋದವು. ಅವರ ಕೈಯಲ್ಲಿ ಹಾಳೆಗಳು ತಿರುವುಮುರುವಾಗದಿರಲೆಂದು ಮೊದಲ ಹಾಳೆಗೆ ಬಲಗಡೆಯ ಮೇಲಿನ ಮೂಲೆ ಮಡಚಿದೆ, ಎರಡನೆಯದಕ್ಕೆ ಎಡಗಡೆಯದು, ಮೂರನೆಯದಕ್ಕೆ ಎರಡೂ.

ಸೋಮವಾರ ಬಂತು. ಎಲ್ಲರೂ ಸಾಲಾಗಿ ಕೂತು ಓದಿದರು. ಸಾಹೇಬರು ಹಾಳೆ ಹಿಡಿದು ಶುರುಮಾಡಿದರು, ನೀರು ಕುಡಿದ ಹಾಗೆ ಬರುತ್ತಿತ್ತು. ಯಜಮಾನರು ತಟ್ಟನೆ ಕೈಯೆತ್ತಿದರು. "ಸಾಕು. ಕೋಟೆ ಬಾಗಿಲಿನ ದೃಶ್ಯ ಓದಿ, ನೋಡೋಣ." ಅದು ಎರಡನೇ ಹಾಳೆ. ಸಾಹೇಬರು ಅವಸರವಿಲ್ಲದೆ ಹಾಳೆಗಳ ಅಂಚು ಸವರಿದರು, ಎಡ ಮೂಲೆ ಮಡಚಿದ್ದನ್ನು ಮೇಲೆ ತಂದರು, ಗಂಟಲು ಸರಿಮಾಡಿಕೊಂಡರು. ಒಂದಕ್ಷರ ಆಚೀಚೆ ಆಗದೆ ಓದಿ ಮುಗಿಸಿದರು. ಓದಿದ ಹಾಗೆ ಮಾಡಿ ಮುಗಿಸಿದರು ಅನ್ನಬೇಕು. ಯಜಮಾನರು ಗೊಣಗಿಕೊಂಡು ಮುಂದಿನವನ ಕಡೆ ತಿರುಗಿದರು.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ನೀವು ಅಂದುಕೊಂಡರೆ ಕಂಪನಿಯ ಜನ ನಿಮಗೆ ಗೊತ್ತಿಲ್ಲ. ಅಷ್ಟು ದಿನ ನಾನೊಬ್ಬ ಬಂದರೆ ಮಾತು ನಿಲ್ಲುತ್ತಿತ್ತು. ಈಗ ಸಾಹೇಬರು ಬಂದರೂ ನಿಲ್ಲತೊಡಗಿತು. ಬೆಳಬೆಳಿಗ್ಗೆ ಕೆರೆ ಏರಿಯ ಮೇಲೆ ಇವರಿಬ್ಬರದು ಏನು ಗುಸುಗುಸು? ನೆನ್ನೆ ಮೊನ್ನೆಯವರೆಗೆ ಬೈಸಿಕೊಳ್ಳುತ್ತಿದ್ದ ದಳವಾಯಿಯನ್ನು ಯಜಮಾನರು ಏಕೆ ಸುಮ್ಮನೆ ಬಿಟ್ಟರು? ಸೀತಾರಾಮು ಬೇರೆ ಕಂಪನಿಯವರ ಜೊತೆ ಮಾತಾಡುತ್ತಿದ್ದದ್ದು ಗೊತ್ತಿದ್ದವರು ಯಾರು? ಜೊತೆಗೇ ಇರುತ್ತಿದ್ದವರು ಸಾಹೇಬರಲ್ಲವೇ? ಹೀಗೆ ಒಂದಕ್ಕೊಂದು ಗಂಟು ಹಾಕಿದರು. ಸೀತಾರಾಮುವಿನ ಮೇಲೆ ಚಾಡಿ ಹೇಳಿದವರು ಯಾರೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಆದರೆ ಕಂಪನಿಯಲ್ಲಿ ಅದರ ತೀರ್ಮಾನ ಆಗಿಹೋಗಿತ್ತು.

ಒಂದು ಮಧ್ಯಾಹ್ನ, ತಾಲೀಮು ಮುಗಿಸಿ ಎಲ್ಲರೂ ಹಜಾರದಲ್ಲೇ ಕೂತಿದ್ದಾಗ ಪುಟ್ಟಸ್ವಾಮಿ ನೇರವಾಗಿ ಕೇಳಿಬಿಟ್ಟ. "ರಂಗಾ, ಮುಚ್ಚುಮರೆ ಬೇಡ. ಸಾಹೇಬ್ರೂ ನೀನೂ ಕೆರೆ ಏರಿ ಮೇಲೆ ಏನು ಮಾತಾಡ್ತೀರಿ?"

ಸಾಹೇಬರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಬೆರಳು ನಿಂತಿತು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಿಜ ಹೇಳಿದ್ದರೆ ಆ ಗಳಿಗೆಯಲ್ಲೇ ನಾನು ಅವರಲ್ಲೊಬ್ಬನಾಗುತ್ತಿದ್ದೆ. ಪುಟ್ಟಸ್ವಾಮಿ ಹೆಗಲ ಮೇಲೆ ಕೈ ಹಾಕುತ್ತಿದ್ದ. ಬಂದ ದಿನದಿಂದ ನಾನು ಬಯಸಿದ್ದು ಅಷ್ಟನ್ನೇ. ಹಾಗೆ ಹೇಳಿದ್ದರೆ ಸಾಹೇಬರು ಆ ವಾರವೇ ಪರದೆ ಎಳೆಯಲು ಹೋಗುತ್ತಿದ್ದರು.

"ಏನಿಲ್ಲ," ಅಂದೆ. "ನಿಮ್ಮಲ್ಲಿ ಯಾರ ವಿಷಯ ಮೊದಲು ಯಜಮಾನ್ರಿಗೆ ಹೇಳೋದು ಅಂತ."

ಒಬ್ಬರೂ ನಗಲಿಲ್ಲ. ಪುಟ್ಟಸ್ವಾಮಿ ಎದ್ದು ಹೊರಗೆ ಹೋದ. ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಹೋದರು, ಹಾರ್ಮೋನಿಯಂ ಮೇಷ್ಟ್ರು ಕೂಡ. ಆ ಊರಿನ ಕ್ಯಾಂಪು ಮುಗಿಸಿ ಕಂಪನಿ ಬೇರೆ ಊರಿಗೆ ಹೊರಡುವವರೆಗೆ, ರಂಗದ ಮೇಲೆ ಬಿಟ್ಟರೆ ಅವರಲ್ಲಿ ಯಾರೂ ನನ್ನೊಡನೆ ಒಂದು ಮಾತೂ ಆಡಲಿಲ್ಲ.

ಖಾಲಿ ಹಜಾರದಲ್ಲಿ ನಾವಿಬ್ಬರೇ ಉಳಿದೆವು. ಸಾಹೇಬರು ಎಲೆಯಡಿಕೆ ಚೀಲವನ್ನು ನನ್ನ ಕಡೆ ತಳ್ಳಿದರು.

"ಸುಣ್ಣ ಕಮ್ಮಿ ಹಾಕ್ಕೋ ಬೇಟಾ," ಅಂದರು. "ಬಾಯಿ ಸುಟ್ಕೊಂಡ್ರೆ ಬೆಳಿಗ್ಗೆ ಓದೋರ್ಯಾರು?"